ಮಾವನ ಡಬ್ಬದ ಹಳೇ ಬೇಸ್‌ಬಾಲ್ ಕಾರ್ಡುಗಳು: ಯಾವುದನ್ನು ಗ್ರೇಡಿಂಗ್‌ಗೆ ಕಳಿಸಬೇಕು?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಅಮೆರಿಕದ ಸಿನ್ಸಿನಾಟಿಯಲ್ಲಿದ್ದೇನೆ, ಗಂಡ ಇಲ್ಲಿಯವರೇ. ಕಳೆದ ವರ್ಷ ಮಾವ ತೀರಿಕೊಂಡರು. ಅವರ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಶೂ ಡಬ್ಬಗಳ ತುಂಬ ಬೇಸ್‌ಬಾಲ್ ಕಾರ್ಡು ಸಿಕ್ಕವು, ಸುಮಾರು ಮೂರು ಸಾವಿರ. ಹೆಚ್ಚಿನವು 1957ರಿಂದ 1969ರವರೆಗಿನ ಟಾಪ್ಸ್ ಕಂಪನಿಯ ಕಾರ್ಡುಗಳು. ಪೀಟ್ ರೋಸ್, ಫ್ರ್ಯಾಂಕ್ ರಾಬಿನ್ಸನ್, ಜಾನಿ ಬೆಂಚ್ ಅನ್ನೋ ಹೆಸರು ಕಂಡವು. ಒಂದು ಸಣ್ಣ ತಗಡಿನ ಡಬ್ಬಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಾರ್ಡುಗಳಿವೆ, ಹಿಂದೆ ಸಿಗರೇಟ್ ಜಾಹೀರಾತಿದೆ. ಅವು ಮಾವನ ಅಜ್ಜನವಂತೆ. ಗಂಡ ಚಿಕ್ಕವರಿದ್ದಾಗ ಕೂಡಿಟ್ಟ 1988ರಿಂದ 1991ರ ಕಾರ್ಡುಗಳೂ ಒಂದಷ್ಟಿವೆ. ಗಂಡನ ಗೆಳೆಯರೊಬ್ಬರು ‘ಎಲ್ಲಾ ಗ್ರೇಡ್ ಮಾಡಿಸಿ, ಹತ್ತು ಪಟ್ಟು ಬೆಲೆ ಬರುತ್ತೆ’ ಅನ್ನುತ್ತಾರೆ. ಒಬ್ಬ ಅಂಗಡಿಯವರು ಎಲ್ಲಕ್ಕೂ ಸೇರಿ ಒಂದು ಮೊತ್ತ ಹೇಳಿ, ಈ ವಾರದೊಳಗೆ ತಿಳಿಸಿ ಅಂದಿದ್ದಾರೆ. ಕೆಲವು ಕಾರ್ಡುಗಳ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದೆ, ರಬ್ಬರಿನಿಂದ ಅಳಿಸಬಹುದಾ? ನನಗೆ ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಏನೇನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ರಬ್ಬರ್ ಕೆಳಗಿಡಿ. ಒಂದು ಗೀಟನ್ನೂ ಅಳಿಸಬೇಡಿ. ಅಂಗಡಿಯವರಿಗೆ ಈ ವಾರ ಆಗುವುದಿಲ್ಲ ಎಂದು ಹೇಳಿಬಿಡಿ. ಅರವತ್ತು ವರ್ಷ ಡಬ್ಬದಲ್ಲಿ ಕೂತಿದ್ದ ಕಾರ್ಡು ಇನ್ನೆರಡು ತಿಂಗಳು ಕೂತರೆ ಏನೂ ಕಳೆದುಹೋಗುವುದಿಲ್ಲ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅಂಗಡಿ ಇಟ್ಟವರು ಬಿಡಿ ಮಾರಾಟದ ಬೆಲೆಯನ್ನು ನಿಮಗೆ ಕೊಡಲಾರರು, ಅವರಿಗೂ ಬಾಡಿಗೆ ಇದೆ, ಲಾಭ ಬೇಕು. ಆದರೆ ಡಬ್ಬದಲ್ಲಿ ಏನಿದೆ ಅಂತ ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಗಡುವು ಹಾಕಿದರೆ ಅದರಿಂದ ಯಾರಿಗೆ ಅನುಕೂಲ ಹೇಳಿ.

ನಿಮಗಿರುವುದು ಎರಡು ಭಯ. ಬೆಲೆಯಿಲ್ಲದ ಕಾರ್ಡಿಗೆ ದುಡ್ಡು ಸುರಿದು ಕೈ ಸುಟ್ಟುಕೊಳ್ಳುವುದು ಒಂದು. ಬೆಲೆಬಾಳುವ ಕಾರ್ಡನ್ನು ಗೊತ್ತಿಲ್ಲದೆ ಚಿಲ್ಲರೆಗೆ ಕೊಟ್ಟುಬಿಡುವುದು ಇನ್ನೊಂದು. ಎರಡೂ ದಿನಾ ನಡೆಯುತ್ತವೆ. ನನಗೆ ಬರುವ ಡಬ್ಬಗಳಲ್ಲಿ ಮೊದಲನೆಯದೇ ಜಾಸ್ತಿ.

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚೀಟಿ ಬರುತ್ತಿತ್ತಲ್ಲ, ಅದೇ ವ್ಯಾಪಾರ ಅಮೆರಿಕದಲ್ಲಿ 1880ರ ದಶಕದಲ್ಲೇ ಸಿಗರೇಟ್ ಪ್ಯಾಕಿನ ಜೊತೆ ಶುರುವಾಗಿತ್ತು. ಆಮೇಲೆ ಬಬಲ್ ಗಮ್ ಬಂತು. 1950ರ ದಶಕದಿಂದ ಟಾಪ್ಸ್ ಕಂಪನಿಯದೇ ಕಾರುಬಾರು. ಮಕ್ಕಳು ಆ ಕಾರ್ಡುಗಳನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರ್ ಎನ್ನಿಸಿದರು, ರಬ್ಬರ್ ಬ್ಯಾಂಡ್ ಸುತ್ತಿದರು, ಪೆನ್ನಿನಲ್ಲಿ ತಂಡದ ಹೆಸರು ತಿದ್ದಿದರು. ಉಳಿದದ್ದನ್ನು ಅಮ್ಮಂದಿರು ಕಸಕ್ಕೆ ಹಾಕಿದರು. ಅದಕ್ಕೇ ಚೆನ್ನಾಗಿ ಉಳಿದ ಹಳೇ ಕಾರ್ಡಿಗೆ ಅಷ್ಟು ಬೆಲೆ.

ಗ್ರೇಡಿಂಗ್ ಅಂದರೆ ಇಷ್ಟೇ. ಕಾರ್ಡನ್ನು ಕಂಪನಿಗೆ ಕಳಿಸುತ್ತೀರಿ. ಅವರು ಅಸಲಿಯೋ ನಕಲಿಯೋ ನೋಡುತ್ತಾರೆ. ಯಾರಾದರೂ ಅಂಚು ಕತ್ತರಿಸಿದ್ದಾರಾ, ಬಣ್ಣ ಹಚ್ಚಿದ್ದಾರಾ ನೋಡುತ್ತಾರೆ. ಆಮೇಲೆ ಸ್ಥಿತಿಗೆ 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಮಾಡಿ ಕಳಿಸುತ್ತಾರೆ. ಇದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಗ್ರೇಡ್ ಆಗದ ಬಿಡಿ ಕಾರ್ಡು ‘ರಾ’ ಕಾರ್ಡು. 1991ರಲ್ಲಿ ಶುರುವಾದ ಪಿಎಸ್‌ಎ ಈ ಕೆಲಸದಲ್ಲಿ ದೊಡ್ಡ ಹೆಸರು. ಎಸ್‌ಜಿಸಿ, ಬೆಕೆಟ್, ಸಿಜಿಸಿ ಕೂಡ ಇವೆ.

ಈಗ ‘ಹತ್ತು ಪಟ್ಟು’ ಮಾತಿಗೆ ಬರೋಣ. ಗ್ರೇಡಿಂಗ್ ಮಾಡುವುದು ಒಂದೇ ಕೆಲಸ, ಕೊಳ್ಳುವವರ ಅನುಮಾನ ತೆಗೆಯುವುದು. ಎಲ್ಲಿ ಅನುಮಾನದಿಂದಾಗಿ ಬೆಲೆ ಕುಗ್ಗಿದೆಯೋ ಅಲ್ಲಿ ಗ್ರೇಡಿಂಗ್ ಲಾಭ ತರುತ್ತದೆ. ಎರಡು ಡಾಲರಿನ ಕಾರ್ಡಿನ ಬಗ್ಗೆ ಯಾರಿಗೂ ಅನುಮಾನವೂ ಇಲ್ಲ, ಆಸೆಯೂ ಇಲ್ಲ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಎರಡು ಡಾಲರಿನ ಕಾರ್ಡು ದುಬಾರಿ ಪ್ಲಾಸ್ಟಿಕ್ಕಿನಲ್ಲಿ ಕೂರುತ್ತದೆ, ಅಷ್ಟೆ. ನಿಮ್ಮ ಗಂಡನ ಗೆಳೆಯರು ನೋಡಿರುವುದು ಸುದ್ದಿಯಲ್ಲಿ ಬರುವ ಕಾರ್ಡುಗಳನ್ನು. 2022ರಲ್ಲಿ ಮಿಕಿ ಮ್ಯಾಂಟಲ್‌ನ 1952ರ ಟಾಪ್ಸ್ ಕಾರ್ಡು 1.26 ಕೋಟಿ ಡಾಲರಿಗೆ ಹೋಯಿತು. ಅದಕ್ಕಿದ್ದ ಗ್ರೇಡ್ 9.5. ಅಂಥದ್ದು ಅಟ್ಟದ ಡಬ್ಬದಲ್ಲಿ ಸಿಗುವುದಿಲ್ಲ ಅಂತಲ್ಲ. ಆದರೆ ಅದನ್ನು ನೆನೆಸಿಕೊಂಡು ಮೂರು ಸಾವಿರ ಕಾರ್ಡು ಗ್ರೇಡ್ ಮಾಡಿಸುವುದು ಲೆಕ್ಕವಲ್ಲ, ಲಾಟರಿ.

1988ರಿಂದ 1991ರ ಕಾರ್ಡುಗಳನ್ನು ಮೊದಲು ಪಕ್ಕಕ್ಕಿಡಿ. ನಿಮ್ಮ ಯಜಮಾನರಿಗೆ ಬೇಜಾರಾಗಬಹುದು. ಆ ಹೊತ್ತಿಗೆ ಹಳೇ ಕಾರ್ಡಿಗೆ ಬೆಲೆ ಇದೆ ಅಂತ ಊರಿಗೆಲ್ಲ ಗೊತ್ತಾಗಿತ್ತು. ಎಲ್ಲರೂ ಕೂಡಿಟ್ಟರು, ಕಂಪನಿಗಳು ಲೆಕ್ಕವಿಲ್ಲದಷ್ಟು ಮುದ್ರಿಸಿದವು. ಈ ವ್ಯಾಪಾರದವರು ಆ ಕಾಲವನ್ನು ‘ಜಂಕ್ ವ್ಯಾಕ್ಸ್’ ಎಂದೇ ಕರೆಯುತ್ತಾರೆ. 1989ರ ಅಪ್ಪರ್ ಡೆಕ್ ಕಂಪನಿಯ ಕೆನ್ ಗ್ರಿಫಿ ಜೂನಿಯರ್, ನಂಬರ್ 1, ಸಿಕ್ಕರೆ ತೆಗೆದಿಡಿ. ಅದೂ ಒಂದಿಷ್ಟೂ ದೋಷವಿಲ್ಲದಿದ್ದರೆ ಮಾತ್ರ ಗ್ರೇಡಿಂಗ್‌ಗೆ ಯೋಗ್ಯ. ಉಳಿದದ್ದನ್ನು ಮಕ್ಕಳಿಗೆ ಆಡಲು ಕೊಡಿ.

ಈಗ ಮಾವನ ಡಬ್ಬಗಳು. ಮೊದಲು ವರ್ಷವಾರು ಬೇರೆ ಮಾಡಿ. ಕಾರ್ಡಿನ ಹಿಂದೆ ಆಟಗಾರನ ಅಂಕಿಅಂಶ ಇರುತ್ತದೆ. ಅದರಲ್ಲಿ ಕೊನೆಯ ವರ್ಷ 1956 ಅಂತಿದ್ದರೆ ಕಾರ್ಡು ಸಾಮಾನ್ಯವಾಗಿ 1957ರದ್ದು. ಹಿಂದೆ ಮೂಲೆಯಲ್ಲಿ ಕಾರ್ಡಿನ ನಂಬರೂ ಇರುತ್ತದೆ. ವರ್ಷ, ನಂಬರ್, ಹೆಸರು, ಈ ಮೂರು ಸಿಕ್ಕರೆ ಯಾವ ಕಾರ್ಡಿನ ಬೆಲೆಯನ್ನೂ ಹುಡುಕಬಹುದು.

ಆಮೇಲೆ ಹೆಸರು ನೋಡಿ. ಬೆಲೆಯ ಬಹುಪಾಲು ಇರುವುದು ಹೆಸರಿನಲ್ಲಿ. ಮಿಕಿ ಮ್ಯಾಂಟಲ್ ಯಾವ ವರ್ಷದ್ದಾದರೂ ಸರಿ, ಎಷ್ಟು ಹಾಳಾಗಿದ್ದರೂ ಸರಿ, ತೆಗೆದಿಡಿ. ವಿಲ್ಲಿ ಮೇಸ್, ಹ್ಯಾಂಕ್ ಆರನ್, ರೊಬೆರ್ಟೊ ಕ್ಲೆಮೆಂಟೆ, ಸ್ಯಾಂಡಿ ಕೋಫ್ಯಾಕ್ಸ್, ಟೆಡ್ ವಿಲಿಯಮ್ಸ್ ಕೂಡ ಹಾಗೇ. 1957ರ ಆರನ್ ಕಾರ್ಡಿನಲ್ಲಿ ಅವನು ಎಡಗೈ ಬ್ಯಾಟರ್ ಥರ ಕಾಣುತ್ತಾನೆ. ಗಾಬರಿಯಾಗಬೇಡಿ, ನಕಲಿಯಲ್ಲ. ಟಾಪ್ಸ್‌ನವರು ನೆಗೆಟಿವ್ ಉಲ್ಟಾ ಹಾಕಿ ಮುದ್ರಿಸಿಬಿಟ್ಟರು, ಎಲ್ಲ ಕಾರ್ಡುಗಳೂ ಹಾಗೇ ಇವೆ.

ಮುಂದಿನದು ರೂಕಿ ಕಾರ್ಡು, ಅಂದರೆ ಆಟಗಾರನದು ಅಂತ ಮೊದಲ ಸಲ ಬಂದ ಕಾರ್ಡು. ಒಬ್ಬನೇ ಆಟಗಾರನ ರೂಕಿ ಕಾರ್ಡಿಗೂ ಮೂರು ವರ್ಷದ ಆಮೇಲಿನ ಕಾರ್ಡಿಗೂ ಬೆಲೆಯಲ್ಲಿ ಭಾರಿ ಅಂತರ. ನೀವು ಹೇಳಿದ ಮೂರೂ ಹೆಸರು ಸಿನ್ಸಿನಾಟಿ ರೆಡ್ಸ್ ತಂಡದವು. ಊರ ಹುಡುಗರು ಊರ ತಂಡವನ್ನೇ ಕೂಡಿಡುತ್ತಿದ್ದರು, ಸಹಜ. ಫ್ರ್ಯಾಂಕ್ ರಾಬಿನ್ಸನ್‌ನ ರೂಕಿ 1957ರ ನಂಬರ್ 35. ಅದರ ಮೇಲೆ ತಂಡದ ಹೆಸರು ‘ರೆಡ್‌ಲೆಗ್ಸ್’ ಅಂತಿರುತ್ತದೆ. ಕಮ್ಯುನಿಸ್ಟರ ಭಯ ದೇಶವನ್ನೇ ಹಿಡಿದಿದ್ದ ಆ ದಿನಗಳಲ್ಲಿ ‘ರೆಡ್ಸ್’ ಅನ್ನಿಸಿಕೊಳ್ಳಲು ತಂಡಕ್ಕೇ ಮುಜುಗರವಾಗಿತ್ತು. ಜಾನಿ ಬೆಂಚ್ ರೂಕಿ 1968ರ ನಂಬರ್ 247. ಅದೇ ವರ್ಷದ ನಂಬರ್ 177ನ್ನೂ ಹುಡುಕಿ, ಅದು ನೋಲನ್ ರಯಾನ್. ಎರಡರಲ್ಲೂ ಇಬ್ಬಿಬ್ಬರು ಆಟಗಾರರ ಚಿತ್ರ ಇರುತ್ತದೆ. ಟೋನಿ ಪೆರೆಜ್ 1965ರ ನಂಬರ್ 581.

ಪೀಟ್ ರೋಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವನು ಸಿನ್ಸಿನಾಟಿಯಲ್ಲೇ ಹುಟ್ಟಿದವನು. ಅವನ ರೂಕಿ 1963ರ ನಂಬರ್ 537, ಒಂದೇ ಕಾರ್ಡಿನಲ್ಲಿ ನಾಲ್ಕು ಪುಟ್ಟ ತಲೆಗಳು. ಬೆಟ್ಟಿಂಗ್ ಪ್ರಕರಣದಲ್ಲಿ 1989ರಲ್ಲಿ ಅವನಿಗೆ ಆಜೀವ ನಿಷೇಧ ಬಿತ್ತು. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. 2025ರ ಮೇನಲ್ಲಿ, ತೀರಿಕೊಂಡವರ ಮೇಲಿನ ನಿಷೇಧವನ್ನು ಬೇಸ್‌ಬಾಲ್ ಆಡಳಿತ ತೆಗೆದುಹಾಕಿತು. ಈಗ ಹಾಲ್ ಆಫ್ ಫೇಮ್‌ನ ಸಮಿತಿ ಬೇಗ ಅಂದರೂ 2027ರ ಡಿಸೆಂಬರಿನಲ್ಲಿ ಅವನ ಹೆಸರು ಪರಿಗಣಿಸಬಹುದು. ಹೀಗೆ ಆಸಕ್ತಿ ಇರುವ ಕಾರ್ಡಿಗೆ ಒಂದು ಕೆಟ್ಟ ಇತಿಹಾಸವೂ ಇದೆ. 1980ರ ದಶಕದ ಆರಂಭದಲ್ಲೇ ಇದರ ನಕಲಿಗಳು ಬಂದಿದ್ದವು. ಹಾಗಾಗಿ ರಾ ಕಾರ್ಡು ನೋಡಿದ ಕೂಡಲೇ ಕೊಳ್ಳುವವರು ಹಿಂಜರಿಯುತ್ತಾರೆ. ನಿಮ್ಮ ಡಬ್ಬದಲ್ಲಿರುವುದು ನಂಬರ್ 537 ಆದರೆ ಮಡಿಕೆ ಬಿದ್ದಿದ್ದರೂ ಗ್ರೇಡಿಂಗ್‌ಗೆ ಕಳಿಸಿ. ಅಲ್ಲಿ ನೀವು ಅಂಕಕ್ಕೆ ದುಡ್ಡು ಕೊಡುತ್ತಿಲ್ಲ, ಅಸಲಿ ಅನ್ನೋ ಮುದ್ರೆಗೆ ಕೊಡುತ್ತೀರಿ. 1967ರದ್ದೋ 1969ರದ್ದೋ ರೋಸ್ ಆದರೆ ಈ ಮಾತು ಅನ್ವಯಿಸುವುದಿಲ್ಲ. ಅದನ್ನು ಸ್ಥಿತಿ ನೋಡಿ ತೀರ್ಮಾನಿಸಬೇಕು.

ನಂಬರ್ ಬಗ್ಗೆ ಇನ್ನೊಂದು ವಿಷಯ. 1973ರವರೆಗೆ ಟಾಪ್ಸ್ ಒಂದು ವರ್ಷದ ಕಾರ್ಡುಗಳನ್ನು ಕಂತುಗಳಲ್ಲಿ ಬಿಡುತ್ತಿತ್ತು. ಕೊನೆಯ ಕಂತು ಬರುವ ಹೊತ್ತಿಗೆ ಬೇಸಿಗೆ ಮುಗಿದು ಶಾಲೆ ಶುರು. ಅಂಗಡಿಯವರು ಕಡಿಮೆ ತರಿಸುತ್ತಿದ್ದರು, ಕಂಪನಿ ಕಡಿಮೆ ಮುದ್ರಿಸುತ್ತಿತ್ತು. ಹಾಗಾಗಿ ದೊಡ್ಡ ನಂಬರಿನ ಕಾರ್ಡುಗಳು ಅಪರೂಪ. 1957 ಮಾತ್ರ ಬೇರೆ, ಅದರಲ್ಲಿ 265ರಿಂದ 352ರವರೆಗಿನವು ಕಷ್ಟದವು. ಯಾರೂ ಕೇಳದ ಆಟಗಾರನಾದರೂ ಇಂಥ ನಂಬರಿದ್ದು ಕಾರ್ಡು ಹೊಸದರಂತಿದ್ದರೆ ಬೇರೆ ಇಡಿ. ಒಂದು ವರ್ಷದ ಪೂರ್ತಿ ಸೆಟ್ಟನ್ನು ಒಳ್ಳೆ ಗ್ರೇಡಿನಲ್ಲಿ ಕೂಡಿಸುವ ಹಟ ಇರುವವರು ಅದಕ್ಕೆ ಒಳ್ಳೆ ಬೆಲೆ ಕೊಡುತ್ತಾರೆ.

ಇಷ್ಟು ಮಾಡಿದರೆ ಮೂರು ಸಾವಿರ ಕಾರ್ಡು ಎಂಬತ್ತು-ನೂರಕ್ಕೆ ಇಳಿದಿರುತ್ತದೆ. ಈಗ ಸ್ಥಿತಿ. ಒಂದು ಟೇಬಲ್ ಲ್ಯಾಂಪ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಣಗಿದ ಕೈ ಸಾಕು. ಕಾರ್ಡನ್ನು ಬೆಳಕಿನ ಕೆಳಗೆ ಓರೆ ಮಾಡಿ ನಿಧಾನ ತಿರುಗಿಸಿ. ನೇರವಾಗಿ ನೋಡಿದಾಗ ಕಾಣದ ಮಡಿಕೆ ಆಗ ಗೆರೆಯಾಗಿ ಹೊಳೆಯುತ್ತದೆ. ಮಡಿಕೆಯೇ ದೊಡ್ಡ ಶತ್ರು. ಮೂಲೆ ಚೂಪಾಗಿದ್ದರೂ, ಬಣ್ಣ ಫಳಫಳ ಅಂದರೂ, ಒಂದು ಸಣ್ಣ ಮಡಿಕೆ ಇದ್ದರೆ ಪಿಎಸ್‌ಎನಲ್ಲಿ ಸಾಮಾನ್ಯವಾಗಿ 4 ದಾಟುವುದು ಕಷ್ಟ. ಮಡಿಕೆ ಎದ್ದು ಕಂಡರೆ 3, ಹಲವು ಇದ್ದರೆ 2.

ಆಮೇಲೆ ನಾಲ್ಕು ಮೂಲೆ, ನಾಲ್ಕು ಅಂಚು. ಅಂಚಿನ ನಡುವೆ ಸಣ್ಣ ಕಚ್ಚು ಇದ್ದರೆ ಅದು ರಬ್ಬರ್ ಬ್ಯಾಂಡಿನ ಗುರುತು. ಪ್ರತಿ ವರ್ಷದ ನಂಬರ್ 1 ಕಾರ್ಡಿಗೆ ಇದು ಜಾಸ್ತಿ, ಕಟ್ಟಿನ ಮೇಲೆ ಅದೇ ಇರುತ್ತಿತ್ತಲ್ಲ. 1957ರ ನಂಬರ್ 1 ಟೆಡ್ ವಿಲಿಯಮ್ಸ್, ಪಾಪ, ಎಷ್ಟೋ ಡಬ್ಬಗಳಲ್ಲಿ ಹೀಗೇ ಪೆಟ್ಟು ತಿಂದಿರುತ್ತಾನೆ. 1962ರ ಕಾರ್ಡಿಗೆ ಮರದ ಬಣ್ಣದ ಅಂಚಿದೆ. 1963ರದ್ದಕ್ಕೆ ಕೆಳಗಡೆ ಗಾಢ ಬಣ್ಣದ ಪಟ್ಟಿಯಿದೆ. ಇವೆರಡರಲ್ಲೂ ಚೂರು ಚಕ್ಕೆ ಎದ್ದರೂ ಬಿಳಿಯಾಗಿ ಕಾಣುತ್ತದೆ.

ಚಿತ್ರ ನಡುವೆ ಕೂತಿದೆಯಾ ನೋಡಿ. ಎಡಬಲದ ಬಿಳಿ ಅಂಚು ಅಳೆಯಿರಿ. 60/40ರೊಳಗೆ ಇದ್ದರೆ ಒಳ್ಳೆಯದು. 80/20 ಇದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಅಂಕ ಬೀಳುತ್ತದೆ, ಇಲ್ಲವೇ ಅಂಕದ ಪಕ್ಕ ‘ಓಸಿ’ (ಆಫ್ ಸೆಂಟರ್, ನಡುವಿಲ್ಲ) ಅನ್ನೋ ಗುರುತು ಬೀಳುತ್ತದೆ. ಕೊನೆಗೆ ಹಿಂಬದಿ. ಆಲ್ಬಮ್ಮಿಗೆ ಅಂಟಿಸಿ ಕಿತ್ತಿದ್ದರೆ ಕಾಗದದ ಪದರ ಹೋಗಿರುತ್ತದೆ. ಮುಂದೆ ಎಷ್ಟೇ ಚೆನ್ನಾಗಿದ್ದರೂ ಆಗ 1 ಅಥವಾ 2ಕ್ಕೆ ತೃಪ್ತಿಪಡಬೇಕು.

ನೀವು ಅಂದಾಜು ಮಾಡಿದ ಅಂಕದಿಂದ ಒಂದೂವರೆ-ಎರಡು ಕಳೆಯಿರಿ. ಸ್ವಂತ ಕಾರ್ಡಿಗೆ ಎಲ್ಲರೂ ಧಾರಾಳವಾಗಿ ಅಂಕ ಕೊಡುತ್ತಾರೆ. ಕಳೆದ ಮೇಲೆ ಉಳಿದ ಅಂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕ ಹೀಗೆ. ಈಬೇಯಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಹಾಕಿ ಅದೇ ಕಾರ್ಡು, ಅದೇ ಗ್ರೇಡು ಎಷ್ಟಕ್ಕೆ ಹೋಗಿದೆ ನೋಡಿ. ಕೇಳುತ್ತಿರುವ ಬೆಲೆ ನೋಡಬೇಡಿ, ಬಾಯಿಗೆ ಬಂದದ್ದು ಯಾರು ಬೇಕಾದರೂ ಕೇಳಬಹುದು. ಗ್ರೇಡಿಂಗ್ ಶುಲ್ಕ ಆಗಾಗ ಬದಲಾಗುತ್ತದೆ. ಅಂಚೆ, ವಿಮೆ ಸೇರಿ ಕಾರ್ಡಿಗೆ 40 ಡಾಲರ್ ಅಂತ ಇಟ್ಟುಕೊಳ್ಳೋಣ. ರಾ ಆಗಿ 60 ಡಾಲರಿಗೆ ಹೋಗುವ ಕಾರ್ಡು ಗ್ರೇಡ್ 4ರಲ್ಲಿ 90ಕ್ಕೆ ಹೋದರೆ ನಿಮಗೆ ಹತ್ತು ಡಾಲರ್ ನಷ್ಟ, ಎರಡು ತಿಂಗಳು ಕಾದದ್ದು ಬೇರೆ. ಅದೇ ಕಾರ್ಡು ಗ್ರೇಡ್ 7ರಲ್ಲಿ 400ಕ್ಕೆ ಹೋಗುತ್ತದೆ ಅಂದುಕೊಳ್ಳಿ. ಆಗ ಪ್ರಶ್ನೆ, ನಿಮ್ಮದು ನಿಜವಾಗಿಯೂ 7ರ ಕಾರ್ಡಾ? ಈ ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ 1960ರ ದಶಕದ ಕಾರ್ಡುಗಳ ಸ್ವಭಾವವೇ ಇದು. ಕೆಳಗಿನ ಗ್ರೇಡುಗಳಲ್ಲಿ ಬೆಲೆ ನಿಧಾನ ಏರುತ್ತದೆ, 7-8ರ ಮೇಲೆ ಒಮ್ಮೆಲೇ ಜಿಗಿಯುತ್ತದೆ. ಮಧ್ಯದ 4, 5, 6ರಲ್ಲಿರುವ ಸಾಧಾರಣ ಆಟಗಾರರ ಕಾರ್ಡುಗಳಲ್ಲೇ ಜನ ದುಡ್ಡು ಕಳೆದುಕೊಳ್ಳುವುದು.

ಕಂಪನಿಗಳ ಶುಲ್ಕ ಕಾರ್ಡಿನ ಬೆಲೆಗೆ ತಕ್ಕಂತೆ ಏರುತ್ತದೆ ಅನ್ನೋದೂ ನೆನಪಿರಲಿ. ಅಗ್ಗದ ದರ್ಜೆಯಲ್ಲಿ ಕಳಿಸಿದ ಕಾರ್ಡು ಗ್ರೇಡ್ ಆದ ಮೇಲೆ ದುಬಾರಿ ಅಂತಾದರೆ ಹೆಚ್ಚುವರಿ ಶುಲ್ಕ ಕೇಳುತ್ತಾರೆ.

ಪೆನ್ಸಿಲ್ ಗೀಟಿನ ವಿಷಯ. ಗೀಟಿದ್ದರೆ ‘ಎಂಕೆ’ (ಮಾರ್ಕ್ಸ್, ಅಂದರೆ ಬರಹದ ಗುರುತಿದೆ) ಎಂಬ ಗುರುತು ಬೀಳುತ್ತದೆ ಅಥವಾ ಅಂಕ ಕಡಿಮೆಯಾಗುತ್ತದೆ. ಅದು ಸಣ್ಣ ನಷ್ಟ. ಉಜ್ಜಿದರೆ ಕಾಗದದ ಹೊಳಪು ಹೋಗಿ ನಾರು ಏಳುತ್ತದೆ, ಭೂತಗನ್ನಡಿಯಲ್ಲಿ ಅದು ಗೊತ್ತಾಗುತ್ತದೆ. ಆಗ ಕಾರ್ಡು ‘ಬದಲಾಯಿಸಲಾಗಿದೆ’ ಎಂಬ ಹಣೆಪಟ್ಟಿ ಹೊತ್ತು ಅಂಕವೇ ಇಲ್ಲದೆ ಬರಬಹುದು. ಮಡಿಕೆಯನ್ನು ಇಸ್ತ್ರಿ ಮಾಡಿ ಸರಿಮಾಡುತ್ತೇನೆ, ಮೂಲೆ ಕತ್ತರಿಸಿ ಚೂಪು ಮಾಡುತ್ತೇನೆ ಅನ್ನುವವರನ್ನು ಹತ್ತಿರಕ್ಕೂ ಸೇರಿಸಬೇಡಿ. ಈ ರೋಗ ಎಷ್ಟು ಮೇಲಿನವರೆಗೂ ಇತ್ತೆಂದರೆ, ಜಗತ್ತಿನ ಅತಿ ಹೆಸರುವಾಸಿ ಬೇಸ್‌ಬಾಲ್ ಕಾರ್ಡು, ಪಿಎಸ್‌ಎ ಗ್ರೇಡ್ 8 ಕೊಟ್ಟಿದ್ದ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ಹರಾಜುದಾರ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಗ್ರೇಡಿಂಗ್ ಕಂಪನಿಗಳೂ ಎಡವುತ್ತವೆ ಅನ್ನುವುದಕ್ಕೂ ಇದೇ ಸಾಕ್ಷಿ. ಒಂದೇ ಕಾರ್ಡನ್ನು ಎರಡು ಸಲ ಕಳಿಸಿದರೆ ಅರ್ಧ-ಒಂದು ಅಂಕ ಆಚೀಚೆ ಆಗುವುದು ನಾನು ನೋಡಿರುವ ಸಂಗತಿ.

ಇನ್ನು ತಗಡಿನ ಡಬ್ಬಿ. ಅವು ಬಹುಶಃ ಟಿ206 ಎಂಬ ಸರಣಿಯವು. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕುಗಳಲ್ಲಿ ಹಾಕುತ್ತಿದ್ದದ್ದು. ಸುಮಾರು ಒಂದೂವರೆ ಇಂಚು ಅಗಲ, ಎರಡೂಮುಕ್ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ ಎತ್ತರ, ಬಿಳಿ ಅಂಚು. ಅಂಚು ಚಿನ್ನದ ಬಣ್ಣದ್ದಾದರೆ ಅದು 1911ರ ಟಿ205. ಮೇಲೆ ಹೇಳಿದ ವ್ಯಾಗ್ನರ್ ಕಾರ್ಡು ಟಿ206 ಸರಣಿಯದೇ. ಅವನಿದ್ದಾನಾ ಅಂತ ಎಲ್ಲರೂ ಹುಡುಕುತ್ತಾರೆ, ನೀವೂ ಹುಡುಕಿ. ಇರುವುದಿಲ್ಲ ಅಂದುಕೊಂಡೇ ಹುಡುಕಿ. ಟೈ ಕಾಬ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್, ಸೈ ಯಂಗ್ ಇದ್ದರೆ ಯೋಚನೆಯೇ ಬೇಡ, ಗ್ರೇಡಿಂಗ್‌ಗೆ ಕಳಿಸಿ.

ಈ ಸರಣಿಯಲ್ಲಿ ಹಿಂಬದಿಗೂ ಬೆಲೆ ಇದೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೋರಲ್ ಜಾಹೀರಾತಿನವು ಸಾಮಾನ್ಯ. ಡ್ರಮ್, ಉಜಿಟ್, ಬ್ರಾಡ್ ಲೀಫ್, ಲೆನಾಕ್ಸ್ ಬ್ರ್ಯಾಂಡಿನದು ಸಿಕ್ಕರೆ ಮುಂದೆ ಯಾರಿದ್ದರೂ ಅದು ದುಬಾರಿ. ಅಮೆರಿಕನ್ ಬ್ಯೂಟಿ ಬ್ರ್ಯಾಂಡಿನ ಕಾರ್ಡುಗಳು ಹುಟ್ಟಿನಿಂದಲೇ ಸ್ವಲ್ಪ ಕಿರಿದು, ಯಾರೋ ಕತ್ತರಿಸಿದ್ದಾರೆ ಅಂತ ಎಸೆಯಬೇಡಿ. ಮರುಮುದ್ರಣಗಳು ತುಂಬ ಇವೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಬಿಟ್ಟು ನೋಡಿ. ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ರಾಸಾಯನಿಕ ಇದೆ, 1910ರ ಕಾಗದದಲ್ಲಿ ಅದಿರಲಿಲ್ಲ. ಭೂತಗನ್ನಡಿಯಲ್ಲಿ ಹೆಸರಿನ ಅಕ್ಷರ ನೋಡಿ. ಅಸಲಿಯಲ್ಲಿ ಅಕ್ಷರ ತುಂಬಿದ ಶಾಯಿ, ಮರುಮುದ್ರಣದಲ್ಲಿ ಚುಕ್ಕೆಚುಕ್ಕೆ. ಇಷ್ಟರಲ್ಲಿ ಪಾಸಾದ ಸಾಮಾನ್ಯ ಆಟಗಾರರ ಕಾರ್ಡುಗಳಿಗೂ ಕೊಳ್ಳುವವರಿದ್ದಾರೆ, ಅವು ರಾ ಆಗಿಯೇ ಹೋಗುತ್ತವೆ.

ಯಾವ ಕಂಪನಿ? ಮಾರುವ ಉದ್ದೇಶ ಇದ್ದರೆ 1957-69ರ ಟಾಪ್ಸ್‌ಗೆ ನಾನು ಪಿಎಸ್‌ಎ ಅನ್ನುತ್ತೇನೆ, ಅದೇ ಗ್ರೇಡಿಗೆ ಸಾಮಾನ್ಯವಾಗಿ ಅಲ್ಲಿ ಬೆಲೆ ಹೆಚ್ಚು. ಸಿಗರೇಟ್ ಕಾರ್ಡುಗಳಿಗೆ ಎಸ್‌ಜಿಸಿಗೂ ಒಳ್ಳೆ ಮರ್ಯಾದೆ ಇದೆ. 2024ರಿಂದ ಎರಡರ ಮಾಲೀಕರೂ ಒಬ್ಬರೇ. ಕಂಪನಿ ಹೇಳುವ ದಿನಗಳನ್ನು ನಂಬಿ ಯೋಜನೆ ಹಾಕಬೇಡಿ. 2021ರ ಮಾರ್ಚ್‌ನಲ್ಲಿ ಕಾರ್ಡುಗಳ ರಾಶಿ ಬಿದ್ದು ಪಿಎಸ್‌ಎ ಹೆಚ್ಚಿನ ದರ್ಜೆಗಳನ್ನು ನಿಲ್ಲಿಸಿಯೇಬಿಟ್ಟಿತ್ತು.

ನಿಮ್ಮ ಜಾಗದಲ್ಲಿದ್ದರೆ ನಾನು ಮೊದಲ ಸಲ ಹದಿನೈದಕ್ಕಿಂತ ಹೆಚ್ಚು ಕಳಿಸುತ್ತಿರಲಿಲ್ಲ. ರೂಕಿಗಳು, ಮ್ಯಾಂಟಲ್ ಇದ್ದರೆ ಅವನು, ಸಿಗರೇಟ್ ಕಾರ್ಡಿನ ದೊಡ್ಡ ಹೆಸರುಗಳು, ಜೊತೆಗೆ ಹೊಸದರಂತೆ ಕಾಣುವ ಎರಡು ಸಾಧಾರಣ ಕಾರ್ಡು. ಕೊನೆಯ ಎರಡು ನಿಮ್ಮ ಕಣ್ಣಿನ ಪರೀಕ್ಷೆಗೆ. ಅವು 5 ಆಗಿ ಬಂದರೆ ಉಳಿದವನ್ನು ಕಳಿಸುವ ಆಸೆ ಬಿಡಿ. ಪ್ರತಿ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು, ಮೆತ್ತನೆ ಪ್ಲಾಸ್ಟಿಕ್ ಕವಚ ಹಾಕಿ, ಕಾರ್ಡ್ ಸೇವರ್ ಎಂಬ ಅರೆಗಟ್ಟಿ ಕವಚದಲ್ಲಿಟ್ಟು, ವಿಮೆ ಮಾಡಿಸಿ ಕಳಿಸಿ. ಉಳಿದದ್ದನ್ನು ಅಟ್ಟದಿಂದ ಇಳಿಸಿ ಮನೆಯೊಳಗಿನ ಕಪಾಟಿನಲ್ಲಿಡಿ, ಒಹಾಯೋ ಬೇಸಿಗೆಯ ಸೆಕೆ ಕಾಗದಕ್ಕೆ ಆಗಿಬರುವುದಿಲ್ಲ.

ಅಂಚೆಯ ತಲೆನೋವು ಬೇಡ ಅಂದರೆ ದೊಡ್ಡ ಹರಾಜು ಮನೆಗಳನ್ನು ಕೇಳಿ. ಒಳ್ಳೆ ಕಾರ್ಡಿದ್ದರೆ ಅವರೇ ಗ್ರೇಡ್ ಮಾಡಿಸಿ ಮಾರಿ, ಖರ್ಚು, ಕಮಿಷನ್ ಮುರಿದುಕೊಳ್ಳುತ್ತಾರೆ. ಕಮಿಷನ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಉಳಿದ ಸಾಧಾರಣ ಕಾರ್ಡುಗಳನ್ನು ವರ್ಷವಾರು ಕಟ್ಟು ಮಾಡಿ ಆ ಅಂಗಡಿಯವರಿಗೇ ಕೊಡಬಹುದು, ಇನ್ನೆರಡು ಅಂಗಡಿಗಳಲ್ಲೂ ಬೆಲೆ ಕೇಳಿಕೊಂಡು. ಮಾರುವ ಮನಸ್ಸೇ ಇಲ್ಲದಿದ್ದರೆ ಗ್ರೇಡಿಂಗ್ ಬಿಟ್ಟು ಒಳ್ಳೆ ಕವಚ ಕೊಳ್ಳಿ, ಸಾಕು.

ಕೊನೆಗೆ ತೆರಿಗೆ. ಅಮೆರಿಕದಲ್ಲಿ ಹೆಚ್ಚು ಕಾಲ ಇಟ್ಟುಕೊಂಡ ಇಂಥ ಸಂಗ್ರಹದ ವಸ್ತುವಿನ ಲಾಭಕ್ಕೆ ಕೇಂದ್ರ ತೆರಿಗೆ 28 ಪರ್ಸೆಂಟ್‌ವರೆಗೂ ಹೋಗಬಹುದು. ಆದರೆ ವಾರಸಿಕೆಯಾಗಿ ಬಂದದ್ದಕ್ಕೆ ಲಾಭ ಲೆಕ್ಕ ಹಾಕುವುದು ಸಾಮಾನ್ಯವಾಗಿ ಮಾವ ತೀರಿಕೊಂಡ ದಿನದ ಬೆಲೆಯಿಂದ, ಅವರು ಐದು ಸೆಂಟ್ ಕೊಟ್ಟು ಕೊಂಡ ದಿನದಿಂದಲ್ಲ. ಹಾಗಾಗಿ ಆ ತಿಂಗಳಲ್ಲಿ ಅದೇ ಕಾರ್ಡುಗಳು ಎಷ್ಟಕ್ಕೆ ಮಾರಾಟವಾಗಿವೆ ಅನ್ನೋದನ್ನು ಈಗಲೇ ಮುದ್ರಿಸಿ ಇಟ್ಟುಕೊಂಡು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ. ಗ್ರೇಡಿಂಗ್ ರಸೀದಿಗಳೂ ಅದೇ ಫೈಲಿನಲ್ಲಿರಲಿ.